ಕೆಟ್ಟ ಎಣ್ಣೆಯಿಂದ ಇಂಧನ: ಕಿಣ್ವದ ಪಾತ್ರ

ಮತ್ತೆ ಮತ್ತೆ ಕರಿದ ಎಣ್ಣೆ ಕಪ್ಪಾಗಿ, ಮಂದವಾಗಿ ಕಮಟು ಹಿಡಿಯುವುದು ಎಲ್ಲರೂ ಕಂಡ ಸಂಗತಿ. ಅದನ್ನು ಪುನಃ ಅಡುಗೆಗೆ ಬಳಸಿದರೆ ಆರೋಗ್ಯಕ್ಕೆ ಹಾನಿ. ಚರಂಡಿಗೆ ಸುರಿದರೆ ನೀರು ಕೆಡುತ್ತದೆ. ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ ಭಾರತದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹಾಗೆ ಉಳಿದ ಎಣ್ಣೆಯ ಸದ್ವಿನಿಯೋಗಕ್ಕೆ ಜೈವಿಕ ಡೀಸೆಲ್ ಒಂದು ಮಾರ್ಗ.

ಎಣ್ಣೆಯ ಅಣುವೊಂದರಲ್ಲಿ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಬೆಸೆದುಕೊಂಡಿರುತ್ತವೆ. ಮೆಥನಾಲಿನೊಡನೆ ವರ್ತಿಸಿದಾಗ ಗ್ಲಿಸರಾಲ್ ಬೇರ್ಪಟ್ಟು, ಆಮ್ಲಗಳು ಮೀಥೈಲ್ ಎಸ್ಟರುಗಳಾಗುತ್ತವೆ. ಇವೇ ಜೈವಿಕ ಡೀಸೆಲ್. ಈ ಕ್ರಿಯೆಗೆ ಸಾಮಾನ್ಯವಾಗಿ ಸೋಡಿಯಂ ಹೈಡ್ರಾಕ್ಸೈಡಿನಂತಹ ಕ್ಷಾರವನ್ನು ಕ್ರಿಯಾವರ್ಧಕವಾಗಿ ಬಳಸಿ, ಮಿಶ್ರಣವನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಶುದ್ಧ ಎಣ್ಣೆಗೆ ಈ ವಿಧಾನ ಸಾಕು.

ಆದರೆ ಕರಿಯುವಾಗ ತಿನಿಸಿನ ನೀರಿನಂಶವು ಎಣ್ಣೆಯ ಕೆಲವು ಅಣುಗಳನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸಿರುತ್ತದೆ. ಹೀಗೆ ಬಿಡಿಯಾದ ಆಮ್ಲವು ಕ್ಷಾರದೊಡನೆ ವರ್ತಿಸಿ ಸಾಬೂನಾಗುತ್ತದೆ. ಇದರಿಂದ ಕ್ರಿಯಾವರ್ಧಕವೇ ವ್ಯಯವಾಗುತ್ತದೆ. ಡೀಸೆಲ್ ಮತ್ತು ಗ್ಲಿಸರಾಲ್ ನೊರೆಯಲ್ಲಿ ಬೆರೆತು ಬೇರ್ಪಡಲು ಒಲ್ಲವು.

ಇಲ್ಲಿ ನೆರವಿಗೆ ಬರುವುದು ಲೈಪೇಸ್ ಎಂಬ ಕಿಣ್ವ. ಮೇದೋಜೀರಕ ಗ್ರಂಥಿಯು ಕೊಬ್ಬಿನ ಜೀರ್ಣಕ್ಕಾಗಿ ಸ್ರವಿಸುವುದೂ ಇದೇ ವರ್ಗದ ಕಿಣ್ವವನ್ನು. ಕಾರ್ಖಾನೆಗೆ ಬೇಕಾದುದನ್ನು ಸೂಕ್ಷ್ಮಜೀವಿಗಳಿಂದ ಪಡೆಯುತ್ತಾರೆ. ಲೈಪೇಸ್ ಬೆಸೆದ ಆಮ್ಲವನ್ನೂ ಬಿಡಿ ಆಮ್ಲವನ್ನೂ ಮೆಥನಾಲಿನೊಡನೆ ಕೂಡಿಸಿ ಎಸ್ಟರಾಗಿಸುತ್ತದೆ. ಕ್ಷಾರವಿಲ್ಲದ್ದರಿಂದ ಸಾಬೂನಿಲ್ಲ. ಅಲ್ಲಿ ದೋಷವೆನಿಸಿದ ಆಮ್ಲವೇ ಇಲ್ಲಿ ಕಚ್ಚಾವಸ್ತು. 35ರಿಂದ 45 ಡಿಗ್ರಿ ಉಷ್ಣತೆಯೂ ಸಾಕಾಗುತ್ತದೆ.

ಮಿತಿಗಳೂ ಇವೆ. ಕಿಣ್ವ ದುಬಾರಿ, ಕ್ರಿಯೆ ನಿಧಾನ, ಹಲವು ಗಂಟೆಗಳಿಂದ ಒಂದು ದಿನದವರೆಗೆ ಹಿಡಿಯಬಹುದು. ಮೆಥನಾಲ್ ಹೆಚ್ಚಾದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಅದನ್ನು ಕಂತುಕಂತಾಗಿ ಸೇರಿಸಿದರೆ ಕಿಣ್ವ ಉಳಿಯುತ್ತದೆಂದು ಜಪಾನಿನ ಶಿಮಾದ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಕಿಣ್ವವನ್ನು ಸಣ್ಣ ಮಣಿಗಳ ಮೇಲೆ ನೆಲೆಗೊಳಿಸಿದರೆ ಸೋಸಿ ತೆಗೆದು ಮರುಬಳಸಲೂ ಬರುತ್ತದೆ.

ಬೋಧನಾ ಸೂಚನೆ: ಸಾಬೂನು ರಸಾಯನಶಾಸ್ತ್ರದ ಪಾಠದಲ್ಲಿ, ಲೈಪೇಸ್ ಜೀವಶಾಸ್ತ್ರದ ಪಾಠದಲ್ಲಿ ಬರುತ್ತವೆ, ಈ ಉದಾಹರಣೆ ಎರಡನ್ನೂ ಬೆಸೆಯುತ್ತದೆ. “ಒಂದೇ ಆಮ್ಲ ಒಂದೆಡೆ ಸಾಬೂನು, ಇನ್ನೊಂದೆಡೆ ಇಂಧನವಾಗುವುದೇಕೆ?” ಎಂದು ಕೇಳಿ, ಎರಡು ದಾರಿಗಳ ಚಿತ್ರವನ್ನು ಮಕ್ಕಳಿಂದಲೇ ಬರೆಸಬಹುದು. ಮೆಥನಾಲ್ ವಿಷ, ತರಗತಿಯಲ್ಲಿ ಈ ಪ್ರಯೋಗ ಸಲ್ಲದು. ‘ಕಿಣ್ವ’ದ ಜೊತೆಗೆ ‘ಎನ್‌ಜೈಮ್’ ಎಂದೂ ಕಪ್ಪುಹಲಗೆಯಲ್ಲಿ ಬರೆದರೆ, ಮುಂದೆ ಬೇರೆ ಮಾಧ್ಯಮದಲ್ಲಿ ಓದಬೇಕಾದ ಗಡಿನಾಡಿನ ಮಕ್ಕಳಿಗೆ ಪದ ಹೊಸದೆನಿಸದು.