ಕೌದಿ ಹೊಲಿದ ಕೈಗೆ ಕೂಲಿ ಎಷ್ಟು?

ಯುಗಾದಿ ದಾಟಿತೆಂದರೆ ಧಾರವಾಡ ಜಿಲ್ಲೆಯ ಎರಿಸೀಮೆಯ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತು ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಜೋಳದ ರಾಶಿ ಮುಗಿದಿರುತ್ತದೆ. ಕಡಲಿ ಮನಿ ಸೇರಿರುತ್ತದೆ. ಹತ್ತಿ ಬಿಡಿಸಿ, ಕಟಗಿ ಕಿತ್ತು, ಹೊಲ ಬರಿದಾಗಿರುತ್ತದೆ. ಗಂಡಸರು ಬೇವಿನ ನೆರಳಿನ ಕಟ್ಟಿ ಮ್ಯಾಲೆ ಅಡ್ಡಾಗಿರುತ್ತಾರೆ. ಹೆಣ್ಣುಮಕ್ಕಳು ಪಡಸಾಲಿಯಲ್ಲಿ ಕಾಲು ಚಾಚಿ ಕುಂತು, ಹಳೇ ಸೀರಿಗಳನ್ನು ಹರವಿಕೊಂಡು, ಸೂಜಿ ಹಿಡಿದು ಬಗ್ಗಿರುತ್ತಾರೆ. ಅದು ಕೌದಿ ಹೊಲಿಯುವ ಕಾಲ.

ಏನು ನಡೆಸೀರಿ ಎಂದು ಕೇಳಿದರೆ ಊರೂರಿಗೂ ಒಂದೇ ಉತ್ತರ: "ಏನಿಲ್ರಿ, ಖಾಲಿ ಕುಂತಿದ್ವಿ, ಕೌದಿ ಹೊಲ್ಯಾಕತ್ತೀವಿ."

ಈ "ಖಾಲಿ" ಎಂಬ ಒಂದು ಶಬ್ದದ ಮ್ಯಾಲೇ ಇಂದಿನ ನಮ್ಮ ಮಾತು.

ಎಂಥಾ ಖಾಲಿ?

ಒಕ್ಕಲುತನದ ಮನಿಯ ಹೆಣ್ಣುಮಗಳ ದಿನಚರಿ ಗೊತ್ತಿಲ್ಲದವರು ಯಾರು? ಕೋಳಿ ಕೂಗುವ ಮುಂಚೆ ಎದ್ದು ಸಗಣಿ ಬಳಿಯಬೇಕು, ಹಿಂಡಬೇಕು, ನೀರು ತರಬೇಕು. ಒಲಿ ಮುಂದೆ ಕುಂತು ಮನಿ ಮಂದಿಗೆಲ್ಲ ರೊಟ್ಟಿ ಬಡಿಯಬೇಕು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಕಸ ತೆಗೆಯಬೇಕು, ಹೆಸರು ಬಿಡಿಸಬೇಕು, ಹತ್ತಿ ಬಿಡಿಸಬೇಕು. ಸಂಜಿಗೆ ತಿರುಗಿ ಬಂದರೆ ಮತ್ತೆ ಅದೇ ಒಲಿ, ಅದೇ ಎಮ್ಮಿ.

ಮುಂಗಾರಿಯಲ್ಲಿ ಕೈಗೆ ಪುರಸೊತ್ತಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಹೆಸರಿನ ಸುಗ್ಗಿ. ಅದರ ಬೆನ್ನಿಗೇ ಹಿಂಗಾರಿ ಬಿತ್ತಿಗೆ. ದೀಪಾವಳಿಯಿಂದ ಹತ್ತಿ. ಎಳ್ಳಮಾಸಿ ಆದ ಮ್ಯಾಲೆ ಕಡಲಿ, ಜೋಳ. ಎಲ್ಲ ಮುಗಿಸಿ ಯುಗಾದಿಯಿಂದ ರೋಹಿಣಿ ಮಳಿಯವರೆಗೆ, ಅಂದರೆ ಮೇ ತಿಂಗಳ ಕಡೇ ವಾರದವರೆಗೆ, ಎರಡು ತಿಂಗಳು ನಡು ನೆಟ್ಟಗೆ ಮಾಡಿಕೊಳ್ಳಲು ಸಿಗುತ್ತದೆ. ಆ ಎರಡು ತಿಂಗಳಲ್ಲೇ ವರ್ಷದ ಖಾರಪುಡಿ ಆಗಬೇಕು, ಶಾವಿಗಿ ಹೊಸೆಯಬೇಕು, ಹಪ್ಪಳ ಸಂಡಿಗಿ ಒಣಗಿಸಬೇಕು, ಕಾಳಿಗೆ ಬೂದಿ ಹಚ್ಚಿ ತುಂಬಬೇಕು. ಇಷ್ಟರ ನಡುವೆ ಉಳಿದ ಮಧ್ಯಾಹ್ನದ ತಾಸೆರಡು ತಾಸಿಗೆ "ಖಾಲಿ" ಎಂದು ಹೆಸರು. ಕೌದಿ ಹುಟ್ಟುವುದು ಆ ಎರಡು ತಾಸಿನಲ್ಲಿ.

ಒಂದು ಸೀರಿ, ನಾಲ್ಕು ಪದರ

ಕೌದಿ ಎಂದರೆ ಹಳೇ ಅರಿವೆಯ ಹೊದಿಕೆ. ಮರಾಠಿಯವರು ಗೋಧಡಿ ಅಂತಾರೆ, ಬಂಗಾಲದವರು ಕಾಂಥಾ ಅಂತಾರೆ, ಬಿಹಾರದ ಕಡೆ ಸುಜನಿ ಅಂತಾರೆ. ಹೆಸರು ಬ್ಯಾರೆ, ಮೂಲ ಒಂದೇ: ಉಟ್ಟು ಸವೆದದ್ದನ್ನು ಚೆಲ್ಲಬಾರದು.

ಇದರಲ್ಲಿ ಒಂದು ಸರಳ ಗಣಿತ ಐತಿ. ನಮ್ಮ ಮುತ್ತಜ್ಜಿಯರು ಉಡುತ್ತಿದ್ದ 9 ಗಜದ ಸೀರಿ ಅಂದರೆ 27 ಅಡಿ. ಅದನ್ನು ಆರೂವರೆ ಅಡಿಗೊಂದರಂತೆ ಮಡಚಿದರೆ ಸರಿಯಾಗಿ ನಾಲ್ಕು ಪದರ ಬರುತ್ತದೆ. ಅಗಲಕ್ಕೆ ಕಡಿಮೆ ಬಿದ್ದ ಅರ್ಧ ಅಡಿಯನ್ನು ಸುತ್ತಲೂ ಪಟ್ಟಿ ಕೂಡಿಸಿ ತುಂಬುತ್ತಾರೆ. ಒಂದೇ ಸೀರಿಯಿಂದ ಒಂದು ಕೌದಿಯ ಹೊಟ್ಟಿ ತಯಾರು! ಈಗಿನ ಐದೂವರೆ ಮೀಟರ್ ಸೀರಿಯಲ್ಲಿ ಎರಡು ಪದರ ಬಂದು, ಮ್ಯಾಲೊಂದು ತುಂಡು ಉಳಿಯುತ್ತದೆ ಅಷ್ಟೆ.

ಹೊಟ್ಟಿ ಒಳಗೆ ಸವೆದ ಧೋತರ, ಬಣ್ಣಗೆಟ್ಟ ಸೀರಿ, ಕೆಲವು ಸಲ ಹರಿದ ಹಳೇ ಕೌದಿಯೇ ಇಡಿಯಾಗಿ ಹೋಗುತ್ತದೆ. ಮ್ಯಾಲಿನ ಮುಖಕ್ಕೆ ಗಟ್ಟಿ ಇರುವ, ಬಣ್ಣ ಉಳಿದಿರುವ ತುಂಡುಗಳು. ಚೌಕ, ಪಟ್ಟಿ, ಮೂರು ಮೂಲಿಯ ತುಂಡು, ಹೀಗೆ ಹೊಂದಿಸಿ ಜೋಡಿಸುತ್ತಾರೆ. ಇಳಕಲ್ಲ ಸೀರಿಯ ಕೆಂಪು ಸೆರಗು ಸಿಕ್ಕರೆ ಅದಕ್ಕೆ ನಡುವಿನ ಜಾಗ. ಕುಪ್ಪಸದ ಖಣದ ಅಂಚು ಸಿಕ್ಕರೆ ಅದು ಸುತ್ತಲಿನ ಕಟ್ಟು. ಮನಿಯೊಳಗಿನವರಿಗೆ ಕೌದಿ ನೋಡಿದ ಕೂಡಲೇ ಯಾವ ತುಂಡು ಯಾರದೆಂದು ಗೊತ್ತು. ತೀರಿಹೋದ ಅಜ್ಜಿಯ ಸೀರಿ ಮೊಮ್ಮಗನ ಹೊದಿಕೆಯಲ್ಲಿ ಇನ್ನೂ ಹತ್ತು ವರ್ಷ ಬಾಳುತ್ತದೆ.

ಕೆಲವು ಕಡೆ ಕೌದಿ ಮುಗಿಸುವಾಗ ಕಡೇ ಹೊಲಿಗೆಯ ಮುಂಚೆ ಒಳಗೆ ರೊಟ್ಟಿಯ ಚೂರನ್ನೋ, ಹೋಳಿಗಿಯ ತುಣುಕನ್ನೋ ಇಟ್ಟು ಹೊಲಿಯುವ ರೂಢಿ. ಕೌದಿ ಹಸಿದಿರಬಾರದು ಎಂಬ ನಂಬಿಕೆ. ಹೊದ್ದವರ ಹೊಟ್ಟಿಯೂ ಹಸಿದಿರಬಾರದು ಎಂಬುದು ಅದರ ಒಳಾರ್ಥ.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಮಗಳ ಕೂಸಿಗೆ ತಾಯಿ ಹೊಲಿಯುವ ತೊಟ್ಟಿಲ ಕೌದಿಯಂತೂ ಬ್ಯಾರೇ ಮಾತು. ಅದಕ್ಕೆ ಹೊಸ ಅರಿವೆ ಬಳಸುವುದಿಲ್ಲ. ನೂರು ಸಲ ಒಗೆದು ಹೂವಿನಷ್ಟು ಮೆತ್ತಗಾದ ನೂಲಿನ ಸೀರಿಯೇ ಆಗಬೇಕು. ಎಳೇ ಚರ್ಮಕ್ಕೆ ಅದು ಚುಚ್ಚುವುದಿಲ್ಲ, ತೇವ ಹೀರುತ್ತದೆ, ಒಗೆದರೆ ಬೇಗ ಒಣಗುತ್ತದೆ.

ಹದಿನಾರು ಸಾವಿರ ಹೊಲಿಗೆ

ಈಗ ಅಸಲಿ ಲೆಕ್ಕಕ್ಕೆ ಬರೋಣ. ಓದುಗರು ಬೇಕಾದರೆ ಪೆನ್ಸಿಲ್ ಹಿಡಿದು ತಾಳೆ ನೋಡಬಹುದು.

ಕೌದಿಯ ಉದ್ದ 6.5 ಅಡಿ, ಅಗಲ 4.5 ಅಡಿ ಇರಲಿ. ಹೊಲಿಗೆಯ ಸಾಲಿನಿಂದ ಸಾಲಿಗೆ ಒಂದು ಬೆರಳು, ಅಂದರೆ ಮುಕ್ಕಾಲು ಇಂಚು. ಆಗ ಸಾಲು 72. ಒಂದೊಂದು ಸಾಲು 78 ಇಂಚು. ಒಟ್ಟು 5,616 ಇಂಚು, ಎಂದರೆ 468 ಅಡಿ. ಇಂಚಿಗೆ ಮೂರು ಹೊಲಿಗೆ ಹಿಡಿದರೂ 16,848 ಹೊಲಿಗೆ ಆಗುತ್ತವೆ. ಸಾಲಾಗಿ ಹೊಲಿಯಲಿ, ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರಲಿ, ಲೆಕ್ಕ ಹೆಚ್ಚು ಕಡಿಮೆ ಅಷ್ಟೇ.

ಆರೇಳು ಪದರ ಅರಿವೆಯಲ್ಲಿ ಸೂಜಿ ತೂರಿಸಿ, ದಾರ ಎಳೆದು, ಸುಕ್ಕು ಬೀಳದಂತೆ ಕಾಲಿನಿಂದ ಅದುಮಿಕೊಂಡು ಹೊಲಿಯಬೇಕು. ನಿಮಿಷಕ್ಕೆ 10 ಹೊಲಿಗೆ ಎಂದು ಹಿಡಿದರೆ 28 ತಾಸು! ದಿನಕ್ಕೆ ಎರಡು ತಾಸಿನಂತೆ 14 ದಿವಸ. ತುಂಡು ಕತ್ತರಿಸಿ ಹೊಂದಿಸುವುದು, ಅಂಚು ಮಡಚುವುದು, ಹರಿದ ದಾರ ಮತ್ತೆ ಪೋಣಿಸುವುದು ಇದರಲ್ಲಿ ಸೇರಿಲ್ಲ.

28 ತಾಸು ಎಂದರೆ ಎಂಟು ತಾಸಿನ ಮೂರೂವರೆ ಕೆಲಸದ ದಿನ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಮಣ್ಣು ಅಗೆಯುವ ಕೂಲಿಯ ದರದಲ್ಲೇ ಲೆಕ್ಕ ಹಾಕಿದರೂ ಒಂದು ಕೌದಿಯ ಬರೀ ಹೊಲಿಗೆಗೆ 1,221 ರೂಪಾಯಿ ಆಯಿತು. ಹುನ್ನರಿಗೆ, ಕಣ್ಣಿನ ಶ್ರಮಕ್ಕೆ, ಬೆರಳಿಗೆ ಚುಚ್ಚಿದ ಸೂಜಿಗೆ ಇನ್ನೂ ಏನೂ ಕಟ್ಟಿಲ್ಲ.

ಹೊಲದ ಖರ್ಚಿನ ಪಟ್ಟಿಯಲ್ಲಿ ಬೀಜ ಇರುತ್ತದೆ, ಗೊಬ್ಬರ ಇರುತ್ತದೆ, ಟ್ರ್ಯಾಕ್ಟರ್ ಬಾಡಿಗಿ ಇರುತ್ತದೆ. ಮನಿಯ ಎಂಟು ಮಂದಿಯ ಹಾಸಿಗಿ ಹೊದಿಕೆ ಎಲ್ಲಿಂದ ಬಂತೆಂದು ಯಾವ ಪಟ್ಟಿಯಲ್ಲೂ ಇಲ್ಲ. ಅಂಗಡಿಗೆ ಹೋಗಿ ತಂದಿದ್ದರೆ ಬರೆಯುತ್ತಿದ್ದರು. ಮನಿಯಾಕೆ ಹೊಲಿದದ್ದಕ್ಕೆ ಚೀಟಿ ಇಲ್ಲ, ಆದ್ದರಿಂದ ಲೆಕ್ಕವೂ ಇಲ್ಲ.

ಊರೂರು ತಿರುಗುವ ಸೂಜಿ

ಎಲ್ಲರೂ ತಮ್ಮ ಕೌದಿ ತಾವೇ ಹೊಲಿದುಕೊಳ್ಳುತ್ತಾರೆ ಎಂದೇನಿಲ್ಲ. ಗೊಂದಲಿಗರು, ಬುಡಬುಡಕಿಯವರು ಮುಂತಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದು ಕೊಡುವುದು ನಮ್ಮ ಭಾಗದಲ್ಲಿ ಮೊದಲಿನಿಂದ ಬಂದದ್ದು. ಅರಿವೆ ಮನಿಯವರದು, ಕೈ ಅವರದು. ಮೊದಲು ಜೋಳ, ಕಾಳು, ಹಳೇ ಸೀರಿ ಕೂಲಿಯಾಗಿ ಸಿಗುತ್ತಿತ್ತು. ಈಗ ರೊಕ್ಕದ ವ್ಯವಹಾರ.

ಇಲ್ಲಿಯೇ ನಮ್ಮ ಮಂದಿಯ ಚೌಕಾಶಿ ನೋಡಬೇಕು! ಹೋಟೆಲಿನ ಬಿಲ್ಲಿಗೆ ತುಟಿ ಪಿಟಕ್ಕೆನ್ನದವರು, ಮೊಬೈಲಿಗೆ ಸಾವಿರಗಟ್ಟಲೆ ಎಣಿಸುವವರು, ಕೌದಿಯಾಕೆ ಕೂಲಿ ಹೇಳಿದ ಕೂಡಲೇ "ಹಳೇ ಅರಿವಿಗೆ ಇಷ್ಟ್ಯಾಕವ್ವಾ?" ಎಂದು ಕಣ್ಣು ಅರಳಿಸುತ್ತಾರೆ. ಅರಿವೆ ಹಳೇದು ಖರೆ. ಹದಿನಾರು ಸಾವಿರ ಹೊಲಿಗೆ ಹಳೇವಲ್ಲ.

ಹಳಿಯಾಳದ ದಾರಿಯಲ್ಲಿ

ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳದ ದಾರಿ ಹಿಡಿದರೆ ಕರಿ ಎರಿ ಮುಗಿದು ಕಾಡು ಹತ್ತುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಸಮುದಾಯದವರು ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ತುಂಡು ಹೊಲ, ಕೂಲಿ ಕೆಲಸ, ದನ ಕಾಯುವುದು ಇವರ ಬದುಕು. ಇವರ ಹೆಣ್ಣುಮಕ್ಕಳೂ ಕೌದಿ ಹೊಲಿಯುತ್ತಾರೆ. ಅಲ್ಲಿ ಅದಕ್ಕೆ ಕವಂದಿ ಎನ್ನುತ್ತಾರೆ.

ಅವರ ಹೊಲಿಗೆಯ ರೀತಿ ಬ್ಯಾರೆ. ಒಂದು ಮೂಲಿಯಿಂದ ಹಿಡಿದು, ಬಣ್ಣಬಣ್ಣದ ತುಂಡುಗಳನ್ನು ಇಟ್ಟುಕೊಳ್ಳುತ್ತ ಅಂಚಿನುದ್ದಕ್ಕೂ ಸುತ್ತು ಹಾಕುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ನಾಲ್ಕೂ ಮೂಲಿಗೆ ಅರಿವೆ ಮಡಚಿ "ಫೂಲಾ" ಎಂಬ ಹೂವು ಕೂಡಿಸುತ್ತಾರೆ. ಹೂವಿಲ್ಲದ ಕವಂದಿ ಬರಿಮೈ ಇದ್ದಂತೆ ಎಂಬುದು ಅವರ ಮಾತು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ಕಂಡು ಬೆರಗಾದರು. 2004ರಲ್ಲಿ ಸಿದ್ದಿ ಮಹಿಳೆಯರದೇ ಒಂದು ಹೊಲಿಗೆ ಸಹಕಾರ ಕೂಟ ಕಟ್ಟಲು ಅವರು ನೆರವಾದರು. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ಕಾಡಂಚಿನ ಗುಡಿಸಲಿನಲ್ಲಿ ಮಕ್ಕಳು ಹೊದ್ದು ಮಲಗುವ ಹೊದಿಕೆ ಅಲ್ಲಿ ಕಲೆ ಎನಿಸಿತು.

ಹೊದಿಕೆ ಅದೇ, ಹೊಲಿಗೆ ಅದೇ. ನೋಡುವ ಕಣ್ಣು ಬದಲಾದದ್ದೇ ಬೆಲೆ ಬದಲಾಯಿತು. ಹಾಗಾದರೆ ನಮ್ಮ ಪಡಸಾಲಿಯಲ್ಲಿ ಕುಂತಾಕೆಯ ಕೆಲಸ ಮಾತ್ರ "ಖಾಲಿ" ಹೇಗಾದೀತು?

ಕೌದಿಗೆ ಕುತ್ತು ಎಲ್ಲಿಂದ?

ಮೊದಲನೇ ಕುತ್ತು ಸೀರಿಯಿಂದಲೇ. ನೂಲಿನ ಸೀರಿ ಉಡುವವರು ಕಡಿಮೆಯಾದರು. ಪಾಲಿಯೆಸ್ಟರ್ ಸೀರಿ ಒಗೆಯಲು ಹಗುರ, ಬಣ್ಣ ಹೋಗುವುದಿಲ್ಲ, ಅಗ್ಗ. ಕೌದಿಗೆ ಮಾತ್ರ ಅದು ಒಗ್ಗುವುದಿಲ್ಲ. ಪದರದ ಮ್ಯಾಲೆ ಪದರ ಜಾರುತ್ತದೆ. ಬೆವರು ಹೀರುವುದಿಲ್ಲ, ಬ್ಯಾಸಗಿಯಲ್ಲಿ ಮೈ ಉರಿಯುತ್ತದೆ. ಒಲಿಯ ಕಿಡಿ ಬಿದ್ದರೆ ಕರಗಿ ಅಂಟಿಕೊಳ್ಳುತ್ತದೆ.

ಎರಡನೇ ಕುತ್ತು ಪೇಟಿಯಿಂದ. ಪಾನಿಪತ್ತಿನ ಅಗ್ಗದ ಬ್ಲ್ಯಾಂಕೆಟ್ಟು ಸಂತಿ ಸಂತಿಗೂ ಬಂದು ಬೀಳುತ್ತದೆ. ಮೆತ್ತಗಿರುತ್ತದೆ, ಹುಲಿ ಚಿತ್ರ, ಗುಲಾಬಿ ಚಿತ್ರ ಇರುತ್ತದೆ. ಕೌದಿಯಾಕೆಗೆ ಕೊಡುವ ಕೂಲಿಗಿಂತ ಕಡಿಮೆಗೆ ಸಿಗುತ್ತದೆ. ಹರಿದರೆ ತ್ಯಾಪಿ ಹಾಕಲು ಬರುವುದಿಲ್ಲ, ತಿಪ್ಪಿಗೆ ಎಸೆಯಬೇಕು. ಕೌದಿ ಹಾಗಲ್ಲ. ಹಾಸಲಿಕ್ಕೆ, ಹೊದಿಯಲಿಕ್ಕೆ, ಚಕ್ಕಡಿಯಲ್ಲಿ ಹರವಲಿಕ್ಕೆ, ಮಳಿಯಲ್ಲಿ ಕರುವಿನ ಬೆನ್ನಿಗೆ, ಕಡೆಗೆ ಇನ್ನೊಂದು ಕೌದಿಯ ಹೊಟ್ಟಿಗೆ. ಅದಕ್ಕೆ ಸಾವು ಎಂಬುದೇ ಇಲ್ಲ.

ಮೂರನೆಯದು ಒಗೆಯುವ ತ್ರಾಸು. ದಸರೆಗೆ ಮುಂಚೆ ಮನಿಯ ಹಾಸಿಗಿ ಹೊದಿಕೆಯನ್ನೆಲ್ಲ ಒಗೆಯುವ ಪದ್ಧತಿ ನಮ್ಮಲ್ಲಿದೆ. ನೀರು ಕುಡಿದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಹಳ್ಳ ಬತ್ತಿದ ಊರುಗಳಲ್ಲಿ ಕಾಲುವೆಯ ಜಾರು ಅಂಚಿಗೆ ಇಳಿದು ಒಗೆಯುತ್ತಾರೆ. ಕಾಲು ಜಾರಿದರೆ ಗತಿ ಏನು? ಊರಿಗೊಂದು ಒಗೆಯುವ ಕಟ್ಟಿ, ನಾಲ್ಕು ಕಲ್ಲು ಹಾಕಿಸುವುದು ಪಂಚಾಯತಿಗೆ ದೊಡ್ಡ ಮಾತೇನಲ್ಲ.

ಆಗಬೇಕಾದದ್ದು

ನಮ್ಮ ಸುತ್ತಿನ ಕೈಕಸಬುಗಳಿಗೆ ಮನ್ನಣೆ ಸಿಕ್ಕಿಲ್ಲ ಎನ್ನುವಂತಿಲ್ಲ. ನವಲಗುಂದದ ಜಮಖಾನಕ್ಕೆ, ಕಸೂತಿಗೆ, ಇಳಕಲ್ಲ ಸೀರಿಗೆ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ. ಸಂತೋಷ. ಆದರೆ ಅದೇ ಇಳಕಲ್ಲ ಸೀರಿ ಸವೆದು ಕೌದಿಯಾದ ಮ್ಯಾಲೆ, ಅದನ್ನು ಹೊಲಿದಾಕೆಯ ದಿನಗೂಲಿ ಎಷ್ಟೆಂದು ಕೇಳುವವರಿಲ್ಲ. ದೊಡ್ಡ ಊರುಗಳ ಅಂಗಡಿಗಳಲ್ಲಿ ಕೈಹೊಲಿಗೆಯ ಹೊದಿಕೆಗೆ ಒಳ್ಳೆಯ ಬೆಲೆಯ ಚೀಟಿ ತೂಗುತ್ತದೆ. ಹೊಲಿದ ಕೈಗೆ ಅದರಲ್ಲಿ ಎಷ್ಟು ಮುಟ್ಟಿತು ಎಂದು ಆ ಚೀಟಿ ಹೇಳುವುದಿಲ್ಲ.

ಧಾರವಾಡದ ಕೃಷಿ ಮೇಳಕ್ಕೆ ಹಳ್ಳಿ ಹಳ್ಳಿಯಿಂದ ಜನ ಬರುತ್ತಾರೆ. ಅಲ್ಲಿ ಕೌದಿಗೂ ಒಂದು ಮಳಿಗಿ ಇರಲಿ. ಹೊಲಿದಾಕೆಯೇ ಅಲ್ಲಿ ಕುಂತು ಮಾರಲಿ. ಕೌದಿಯ ಮ್ಯಾಲೆ ಬೆಲೆಯ ಜತೆಗೆ ಆಕೆಯ ಹೆಸರು, ಹೊಲಿದ ದಿನಗಳ ಲೆಕ್ಕ ಇರಲಿ. ಮಹಿಳಾ ಸ್ವಸಹಾಯ ಸಂಘಗಳು ಉಪ್ಪಿನಕಾಯಿ ಹಪ್ಪಳದ ಜತೆಗೆ ಇದನ್ನೂ ಕೈಗೆತ್ತಿಕೊಂಡರೆ ಬ್ಯಾಸಗಿಯ ಎರಡು ತಿಂಗಳಿಗೆ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಆಡೀತು.

ಓದುಗರು ಮಾಡಬಹುದಾದದ್ದೂ ಉಂಟು. ಟ್ರಂಕಿನ ತಳದಲ್ಲಿರುವ ನೂಲಿನ ಸೀರಿಯನ್ನು ಬೋಗಾಣಿಯವನಿಗೆ ಕೊಟ್ಟು ಸ್ಟೀಲ್ ಡಬ್ಬಿ ತರುವ ಮುಂಚೆ ಒಂದು ಸಲ ವಿಚಾರ ಮಾಡಿರಿ. ಕೌದಿಯಾಕೆ ಓಣಿಗೆ ಬಂದಾಗ ಕೂಲಿ ಸಾವಿರದ ಮ್ಯಾಲೆ ಹೇಳಿದರೆ ಹೌಹಾರಬೇಡಿರಿ, ಮ್ಯಾಲಿನ ಲೆಕ್ಕ ನೆನಪಿಸಿಕೊಳ್ಳಿರಿ. ಮನಿಯಾಕೆಯೇ ಹೊಲಿಯುತ್ತಿದ್ದರೆ "ಖಾಲಿ ಕುಂತಾಳ" ಎಂಬ ಮಾತು ಇವತ್ತಿನಿಂದ ಬಿಟ್ಟುಬಿಡಿರಿ.

ಹಾಸಿಗಿ ಇದ್ದಷ್ಟು ಕಾಲು ಚಾಚು ಎಂದು ನಮಗೆ ಬುದ್ಧಿ ಹೇಳಿದ ಹಿರಿಯರಿದ್ದಾರೆ. ಆ ಹಾಸಿಗಿಯನ್ನು ಹೊಲಿದವರು ಯಾರು, ಅವರಿಗೆ ಏನು ಕೊಟ್ಟಿರಿ ಎಂದು ಕೇಳುವ ಸರದಿ ಈಗ ಬಂದಿದೆ. ಸಂಬಂಧಪಟ್ಟವರು ಉತ್ತರ ಕೊಡುವರೇ?