ಭದ್ರೆಯ ನಡುಗಡ್ಡೆಗಳು

ಕೆರಿಬಿಯನ್ ಸಮುದ್ರದ ಆಂಗ್ವಿಲ್ಲಾ ದ್ವೀಪದ ಚಿತ್ರವೊಂದನ್ನು ನೋಡುತ್ತ ನನ್ನ ಸಹಪಾಠಿಯೊಬ್ಬ, "ಬದುಕಿದರೆ ಇಂಥ ಕಡೆ ಬದುಕಬೇಕಪ್ಪ" ಎಂದು ನಿಟ್ಟುಸಿರಿಟ್ಟ. ಬಿಳಿಯ ಮರಳು, ನೀಲಿಯ ನೀರು, ಹಾಯಿ ಬಿಚ್ಚಿದ ದೋಣಿಗಳು. ಅಲ್ಲಿ ಹಾಯಿದೋಣಿಯ ಪಂದ್ಯವೇ ರಾಷ್ಟ್ರೀಯ ಕ್ರೀಡೆ. ನರಸಿಂಹರಾಜಪುರದ ಬಳಿಯೂ ದ್ವೀಪಗಳುಂಟೆಂದು ನಾನು ಹೇಳಿದಾಗ ಅವನು ನಕ್ಕುಬಿಟ್ಟ. ಕೊಪ್ಪ, ಶೃಂಗೇರಿಯವರಿಗೆ ತುಂಗೆ ಗೊತ್ತು. ಭದ್ರೆಯ ಹಿನ್ನೀರನ್ನು ಕಂಡವರು ಕಡಮೆ. ಅಂಥವರಿಗಾಗಿ ಈ ನಾಲ್ಕು ಮಾತು.

ತುಂಗೆ ಭದ್ರೆಯರಿಬ್ಬರೂ ಗಂಗಾಮೂಲದಲ್ಲಿ ಹುಟ್ಟಿ, ಬೇರೆಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಮತ್ತೆ ಸೇರುತ್ತಾರೆಂಬುದನ್ನು ಎಲ್ಲರೂ ಬಲ್ಲರು. ತುಂಗೆ ಶೃಂಗೇರಿಯ ಮೀನುಗಳಿಗೆ ಮನೆಯಾದಳು. ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ದಾಟಿ ನರಸಿಂಹರಾಜಪುರದ ಕಡೆಗೆ ಬರುವಳು. ಲಕ್ಕವಳ್ಳಿಯಲ್ಲಿ ಅವಳಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1965ರಲ್ಲಿ ಪೂರ್ಣವಾಯಿತು. ಜಲಾಶಯದ ಪೂರ್ಣ ಮಟ್ಟ 186 ಅಡಿ. ದಾವಣಗೆರೆಯ ಕಡೆಯ ಗದ್ದೆಗಳಿಗೆ ನೀರು ಹರಿಯಿತು. ಇತ್ತ ನಮ್ಮ ಕಣಿವೆಯ ಹಳ್ಳಿಗಳು, ಗದ್ದೆಗಳು, ಅಡಿಕೆ ತೋಟಗಳು ಮುಳುಗಿದವು. ಎತ್ತರದ ಗುಡ್ಡಗಳ ನೆತ್ತಿಗಳು ಮಾತ್ರ ನೀರಿನ ಮೇಲೆ ಉಳಿದವು. ನಮ್ಮ ದ್ವೀಪಗಳೆಂದರೆ ಇವೇ.

ಆದಕಾರಣ ಇವು ಸಮುದ್ರದ ದ್ವೀಪಗಳಂತೆ ಒಂದೇ ಆಕಾರದಲ್ಲಿ ನಿಲ್ಲುವುದಿಲ್ಲ. ಮುಂಗಾರು ತುಂಬಿದಾಗ ಕಾಣುವುದು ಬೆರಳೆಣಿಕೆಯಷ್ಟು. ಬೇಸಿಗೆಯ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟಂತೆಲ್ಲ ಮಟ್ಟ ಇಳಿದು, ಮುಳುಗಿದ್ದ ದಿಬ್ಬಗಳು ಒಂದೊಂದಾಗಿ ತಲೆಯೆತ್ತುತ್ತವೆ. ಕೆಲವಂತೂ ನೆಲಕ್ಕೇ ಸೇರಿಹೋಗಿ ದ್ವೀಪವೆಂಬ ಹೆಸರನ್ನೇ ಕಳೆದುಕೊಳ್ಳುತ್ತವೆ! ವರ್ಷದಲ್ಲಿ ಎಷ್ಟೋ ತಿಂಗಳು ನೀರಿನಡಿ ಇರುವ ಅಂಚಿನಲ್ಲಿ ಮರ ಬೆಳೆಯದು. ಅಲ್ಲಿರುವುದು ಬೋಳು ಕೆಮ್ಮಣ್ಣು, ಕಲ್ಲು, ಹಳೆಯ ಮರಗಳ ಕರಿಯ ಬುಡಗಳು. ಆಂಗ್ವಿಲ್ಲಾದ ಮರಳು ಹವಳ, ಚಿಪ್ಪುಗಳ ಪುಡಿ. ನಮ್ಮದು ಒಂದು ಕಾಲದ ಕಾಡಿನ ಮಣ್ಣು.

ಈ ಬೋಳು ನೆಲವನ್ನೇ ಹುಡುಕಿಕೊಂಡು ಬರುವ ಅತಿಥಿಯೊಂದುಂಟು. ಅದು ನದಿ ರೀವ, ಇಂಗ್ಲಿಷಿನ ರಿವರ್ ಟರ್ನ್. ಬೂದು ಮೈ, ಕರಿಯ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಲಕ್ಕವಳ್ಳಿಯ ಕಡೆಯ ನಡುಗಡ್ಡೆಗಳಲ್ಲಿ ಇವು ಬೇಸಿಗೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ಗೂಡು ಕಟ್ಟುವ ಗೋಜಿಲ್ಲ. ನೆಲದಲ್ಲಿ ಸಣ್ಣ ಕುಳಿ ಮಾಡಿ ಎರಡು ಮೂರು ಮೊಟ್ಟೆಯಿಟ್ಟರೆ ಮುಗಿಯಿತು. ಸುತ್ತ ನೀರಿರುವವರೆಗೆ ನರಿ ನಾಯಿಗಳ ಭಯ ಕಡಮೆ. ಬಿಸಿಲು ಏರಿದಾಗ ತಾಯಿಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ನಾವು ಕಾಲಿಟ್ಟರೆ ಹಕ್ಕಿಗಳೆಲ್ಲ ಎದ್ದು ಕೂಗಾಡುವುವು. ಅಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬೇಯುವುದು. ಮಣ್ಣಿನ ಬಣ್ಣದ ಮೊಟ್ಟೆ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ, ತುಳಿದ ಮೇಲೆಯೇ ಗೊತ್ತಾಗುವುದು. 2020ರಿಂದ ಇದನ್ನು ಅಪಾಯಕ್ಕೆ ಗುರಿಯಾದ ಹಕ್ಕಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಇದನ್ನೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಮೊದಲು ಕಲಿತದ್ದು ಕಳೆದ ಏಪ್ರಿಲಿನಲ್ಲಿ, ದೊಡ್ಡಮ್ಮನ ಜೊತೆ ದೋಣಿಯಲ್ಲಿ ಹೋದಾಗ.

ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. 1915ರಲ್ಲೇ ಹೆಸರು ಬದಲಾದರೂ ನರಸಿಂಹರಾಜಪುರವನ್ನು ಅವಳು ಈಗಲೂ ಎಡೆಹಳ್ಳಿಯೆಂದೇ ಕರೆಯುವಳು. ಅವಳು ಹುಟ್ಟಿದ ಮನೆ ನೀರಿನಡಿ ಇದೆ. ಮನೆಯ ಹಿಂದಿನ ಗುಡ್ಡದಲ್ಲಿ ಚಿಕ್ಕಂದಿನಲ್ಲಿ ಅವಳು ದನ ಕಾಯುತ್ತಿದ್ದಳಂತೆ. ಆ ಗುಡ್ಡದ ನೆತ್ತಿ ಬೇಸಿಗೆಯಲ್ಲಿ ಏಳುತ್ತದೆಂದು ಕೇಳಿ, ಒಮ್ಮೆ ಅಲ್ಲಿ ಕಾಲೂರಬೇಕೆಂಬ ಆಸೆ. ಬಹಳ ದಿನ ಅದನ್ನು ಯಾರಿಗೂ ಹೇಳಿರಲಿಲ್ಲ.

ಅಭಯಾರಣ್ಯಕ್ಕೆ ಸೇರಿದ ನೀರಿಗೆ ಅಪ್ಪಣೆಯಿಲ್ಲದೆ ಹೋಗಕೂಡದು. ನಮ್ಮ ಗುಡ್ಡ ಅದರಿಂದ ಈಚೆಗಿತ್ತು. ದಡದಿಂದ ಅರ್ಧ ಗಂಟೆಯ ಹಾದಿ. ದೂರದಿಂದಲೇ ದೊಡ್ಡಮ್ಮ ಗುರುತು ಹಿಡಿದಳು. "ಅಲ್ನೋಡು, ಆ ಬಂಡೆ! ಅದರ ಕೆಳಗೆ ನಮ್ಮ ಬಾವಿ."

ಹತ್ತಿರ ಹೋದಂತೆ ಬಿಳಿಯ ಹಕ್ಕಿಗಳು ಎದ್ದು ತಲೆಯ ಮೇಲೆಯೇ ಕೂಗತೊಡಗಿದವು. ದೋಣಿಯವನು ಹುಟ್ಟು ನಿಲ್ಲಿಸಿ, "ಅಮ್ಮ, ಮೊಟ್ಟೆ ಇಟ್ಟಾವೆ" ಎಂದ. ಇಳಿಯಬೇಡಿರೆಂದು ಅವನು ಹೇಳಲಿಲ್ಲ. ನಾನು ಮಾತ್ರ, ಇಷ್ಟು ದೂರ ಬಂದು ಇಳಿಯದೆ ಹೋಗುವುದೆ, ಒಂದು ನಿಮಿಷ ಸಾಕಲ್ಲ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಬೇಡ್ವೋ" ಎಂದಳು ದೊಡ್ಡಮ್ಮ. "ಬಾಣಂತಿ ಕೋಣೆಗೆ ಹೇಳದೇ ಕೇಳದೇ ನುಗ್ತಾರೇನೋ? ಒಂದು ಸುತ್ತು ದೂರದಿಂದಲೇ ಹಾಕಿಸು."

ಸುತ್ತು ಹಾಕಿದೆವು. ಬಂಡೆ, ಹಲಸಿನ ಮರವಿದ್ದ ಜಾಗ, ಗದ್ದೆಗೆ ಇಳಿಯುವ ದಾರಿ ಎಲ್ಲವನ್ನೂ ತೋರಿಸಿದಳು. ದಾರಿಯಿದ್ದಲ್ಲಿ ನೀರು ಹೊಳೆಯುತ್ತಿತ್ತು.

ಆಂಗ್ವಿಲ್ಲಾದ ದೋಣಿ ಪಂದ್ಯಕ್ಕೂ ಒಂದು ಹಿನ್ನೆಲೆಯುಂಟೆಂದು ಮೊನ್ನೆ ಓದಿದೆ. ಊರಲ್ಲಿ ದುಡಿಮೆಯಿಲ್ಲದ ಗಂಡಸರು ಕಬ್ಬಿನ ಗದ್ದೆಯ ಕೂಲಿಗೆಂದು ಹಾಯಿದೋಣಿಗಳಲ್ಲಿ ದೂರದ ಸ್ಯಾಂಟೊ ಡೊಮಿಂಗೊಗೆ ಹೋಗುತ್ತಿದ್ದರು. ಮರಳುವಾಗ ಮನೆ ಯಾರು ಮೊದಲು ಸೇರುವರೆಂದು ಪಂದ್ಯ ಕಟ್ಟುತ್ತಿದ್ದರಂತೆ. ಚಿತ್ರದಲ್ಲಿ ಇದು ಕಾಣುವುದಿಲ್ಲ. ಗೆಳೆಯನಿಗೆ ಹೇಳಬೇಕು.

ದಡಕ್ಕೆ ಬಂದಾಗ ದೋಣಿಯವನು, "ಮೇ ಕೊನೆಗೆ ಬನ್ನಿ ಅಮ್ಮ. ಅಷ್ಟರಲ್ಲಿ ಮರಿ ಹಾರಿರ್ತಾವೆ. ಮಳೆ ಹಿಡಿದ್ರೆ ಮಾತ್ರ ಗುಡ್ಡ ಸಿಗಾಕಿಲ್ಲ" ಎಂದ. ಮರಿ ಹಾರಬೇಕು, ಮಳೆ ಹಿಡಿದಿರಬಾರದು. ನಡುವೆ ಎಷ್ಟು ದಿನ ಸಿಕ್ಕೀತೆಂದು ಮನೆ ಮುಟ್ಟುವವರೆಗೂ ದೊಡ್ಡಮ್ಮ ಬೆರಳು ಮಡಿಸಿ ಲೆಕ್ಕ ಹಾಕುತ್ತಲೇ ಇದ್ದಳು.