ಉಪ್ಪಿಗೆ ತಡೆ, ಕೋವಿಗೆ ದಾರಿ

1948ರಲ್ಲಿ ನಾಗಲಗಿದ್ದ ಸೀಮೆ ಕಂಡ ಸಂಕಟ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ನಾವಾರೂ ಮರೆತಿಲ್ಲ. ಅದೇ ದಿನ ಕನ್ನಡ ನಾಡಿನ ಈಶಾನ್ಯ ಮೂಲೆಯಲ್ಲಿಯೂ ಗೆರೆ ಬದಲಾಯಿತು. ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಹಾಗೂ ಗುಲ್ಬರ್ಗ ಜಿಲ್ಲೆಯ ತಾಂಡೂರು ಪ್ರದೇಶಗಳು ಆಂಧ್ರಪ್ರದೇಶದ ಪಾಲಾದವು. ನಾರಾಯಣಖೇಡದ ಬಳಿಯ ನಾಗಲಗಿದ್ದ ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ ಕೇಂದ್ರ. ಅಲ್ಲಿನ ಕನ್ನಡಿಗರೂ ನಮ್ಮಂತೆಯೇ ಗೆರೆಯಾಚೆ ಉಳಿದವರು. ಆದರೆ ಅದಕ್ಕೂ ಎಂಟು ವರ್ಷ ಮೊದಲು ಅವರ ಸೀಮೆ ಕಂಡ ದಿಗ್ಬಂಧನ ಮತ್ತು ಯುದ್ಧದ ಕಥೆ ನಮ್ಮ ಕರಾವಳಿಯಲ್ಲಿ ಅಷ್ಟಾಗಿ ತಿಳಿದಿಲ್ಲ.

ಆಗ ಈ ಊರುಗಳೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸುಮಾರು 82,000 ಚದರ ಮೈಲು ವಿಸ್ತಾರದ ಸಂಸ್ಥಾನ. 1941ರ ಜನಗಣತಿಯಂತೆ ಒಂದು ಕೋಟಿ ಅರುವತ್ತು ಲಕ್ಷಕ್ಕೂ ಮಿಕ್ಕಿ ಜನ. ಸ್ವಂತ ನಾಣ್ಯವಿತ್ತು, ಸ್ವಂತ ರೈಲಿತ್ತು. ಸಮುದ್ರ ಮಾತ್ರ ಇರಲಿಲ್ಲ. ಜೋಳ, ತೊಗರಿಗಳನ್ನು ರೈತ ಹೊಲದಲ್ಲಿ ಬೆಳೆದುಕೊಂಡಾನು. ಉಪ್ಪು, ಔಷಧಿ, ಪೆಟ್ರೋಲು ಹೊರಗಿನಿಂದಲೇ ಬರಬೇಕಾಗಿತ್ತು. ಸುತ್ತಲೂ ಇದ್ದದ್ದು ಭಾರತ ಯೂನಿಯನ್.

1947ರ ನವೆಂಬರ್ 29ರಂದು ಯೂನಿಯನ್ ಮತ್ತು ನಿಜಾಮನ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದು ನಿಲ್ಲಲಿಲ್ಲ. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆಸಿದ ಕೊಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಆ ಸೀಮೆಯವರು ಹೇಳುತ್ತಾರೆ. ಸಾವಿರಾರು ಕುಟುಂಬಗಳು ಮನೆ ಮಠ ಬಿಟ್ಟು ಗಡಿ ದಾಟಿ ಸೊಲ್ಲಾಪುರ, ಗದಗಗಳ ಕಡೆಗೆ ಹೋದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಹೋರಾಟದ ಶಿಬಿರ ನಡೆಸಿದರು.

ಇದೇ ಹೊತ್ತಿನಲ್ಲಿ ಸಂಸ್ಥಾನದ ಸುತ್ತ ಸರಕು ಸಾಗಣೆಯ ಬಿಗಿ ಹೆಚ್ಚುತ್ತ ಬಂತು. ಉಪ್ಪು, ಔಷಧಿ, ಕುಡಿಯುವ ನೀರನ್ನು ಶುದ್ಧಮಾಡುವ ಕ್ಲೋರಿನ್ ಕೂಡ ಸಿಗುತ್ತಿಲ್ಲವೆಂದು ನಿಜಾಮ ಸರಕಾರ ದೂರಿತು. ತಾನು ತಡೆದದ್ದು ಆಯುಧ ಮುಂತಾದವನ್ನೇ ಹೊರತು ಜನರ ಅಗತ್ಯಗಳನ್ನಲ್ಲ ಎಂದು ಯೂನಿಯನ್ ಸರಕಾರ ಉತ್ತರಿಸಿತು. 1948ರ ಆಗಸ್ಟಿನಲ್ಲಿ ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯವರೆಗೂ ಹೋಯಿತು.

ವಾದ ಯಾರದೇ ಇರಲಿ, ಒಂದು ಸಂಗತಿಯನ್ನು ಗಮನಿಸಬೇಕು. ಅದೇ 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ರಾತ್ರೋರಾತ್ರಿ ವಿಮಾನಗಳಲ್ಲಿ ಕೋವಿ, ಮದ್ದುಗುಂಡುಗಳನ್ನು ಹೈದರಾಬಾದಿಗೆ ತಂದು ಸುರಿಯುತ್ತಿದ್ದ. ಕೋವಿಗೆ ಆಕಾಶದಲ್ಲಿ ದಾರಿ ಸಿಕ್ಕಿತು. ಉಪ್ಪಿನ ಮೂಟೆಗೆ ವಿಮಾನ ಹಿಡಿದವರಿಲ್ಲ. ದಿಗ್ಬಂಧನದ ಗುಣವೇ ಇದು. ಗುರಿ ಅರಮನೆ, ಪೆಟ್ಟು ಮೊದಲು ಬೀಳುವುದು ಅಡುಗೆಮನೆಗೆ ಮತ್ತು ಆಸ್ಪತ್ರೆಗೆ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳನುಗ್ಗಿತು. ಹುಮನಾಬಾದ್, ಜಹೀರಾಬಾದ್ ಇದ್ದದ್ದು ಆ ಹೆದ್ದಾರಿಯ ಮೇಲೆಯೇ. 17ರ ಸಂಜೆ ನಿಜಾಮ ಕದನ ನಿಲ್ಲಿಸಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದ. ಯುದ್ಧ ಐದು ದಿನದಲ್ಲಿ ಮುಗಿಯಿತು. ರಜಾಕಾರರ ಹಾವಳಿಯಿಂದ ನೊಂದವರು ನಿಟ್ಟುಸಿರು ಬಿಟ್ಟರು.

ಆದರೆ ಜನರ ಸಂಕಟ ಅಲ್ಲಿಗೆ ಮುಗಿಯಲಿಲ್ಲ. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದ ಮುಸಲ್ಮಾನ ಕುಟುಂಬಗಳು ಬೆಲೆ ತೆರಬೇಕಾಯಿತು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ 1948ರ ನವೆಂಬರ್, ಡಿಸೆಂಬರ್‌ಗಳಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿತು. ಸೇನಾ ಕಾರ್ಯಾಚರಣೆಯ ಹೊತ್ತಿನಲ್ಲಿ ಹಾಗೂ ಅನಂತರ ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಮಂದಿ ಸತ್ತರೆಂದು ಅದರ ಅಂದಾಜು. ಅತಿ ಹೆಚ್ಚು ಹಾನಿಗೊಳಗಾದವು ಉಸ್ಮಾನಾಬಾದ್, ಗುಲ್ಬರ್ಗ, ಬೀದರ ಮತ್ತು ನಾಂದೇಡ ಜಿಲ್ಲೆಗಳು. ಅಂದರೆ ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳು ಆಗ ಸೇರಿದ್ದ ಜಿಲ್ಲೆಗಳೆರಡೂ ಆ ಪಟ್ಟಿಯಲ್ಲಿವೆ. ನೆರೆಯ ಮುಸಲ್ಮಾನರನ್ನು ಹಿಂದೂಗಳು ಕಾಪಾಡಿದ ನಿದರ್ಶನಗಳನ್ನೂ ಸಮಿತಿ ಬರೆದಿಟ್ಟಿದೆ. ಈ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುತ್ತದೆಂಬುದು ಸುದ್ದಿಯಾದದ್ದು 2013ರಲ್ಲಿ.

ಹೈದರಾಬಾದಿನ ಘಟನೆಯ ಮರುವರ್ಷ, 1949ರ ಆಗಸ್ಟ್ 12ರಂದು, ಜಿನೀವಾದಲ್ಲಿ ಯುದ್ಧಕಾಲದ ನಾಗರಿಕರ ರಕ್ಷಣೆಯ ಒಪ್ಪಂದಕ್ಕೆ ಸಹಿ ಬಿತ್ತು. ನಾಗರಿಕರ ಔಷಧಿಗೆ, ಮಕ್ಕಳ ಹಾಗೂ ಗರ್ಭಿಣಿಯರ ಆಹಾರಕ್ಕೆ ಶತ್ರುವಿನ ನೆಲದಲ್ಲಿಯೂ ದಾರಿ ಬಿಡಬೇಕೆಂದು ಅದರ 23ನೆಯ ವಿಧಿ ಹೇಳುತ್ತದೆ. ಕಾಗದದ ಮೇಲಿನ ಮಾತು ಸುಲಭ. ನಮ್ಮ ಜಿಲ್ಲೆಯಿಂದ ಗಲ್ಫಿಗೆ ಹೋದವರಿಗೆ ಯೆಮನ್ ದೂರದ ದೇಶವಲ್ಲ. ಯುದ್ಧ ಮತ್ತು ಬಂದರುಗಳ ದಿಗ್ಬಂಧನದಿಂದ ಬಳಲಿದ ಆ ದೇಶದಲ್ಲಿ 2017ರೊಂದರಲ್ಲೇ ಕಾಲರಾ ಶಂಕಿತರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಶುದ್ಧ ನೀರು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೈದರಾಬಾದ್ ಭಾರತಕ್ಕೆ ಸೇರಲೇಬೇಕಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಸೆಪ್ಟೆಂಬರ್ 17ರಂದು ಬೀದರ, ಕಲಬುರಗಿಗಳಲ್ಲಿ ಧ್ವಜ ಹಾರಿಸುವುದೂ ಸರಿಯೇ. ಆದರೆ ಗೋರಟಾದ ಸತ್ತವರನ್ನು ನೆನೆಯುವ ನಾಲಿಗೆ, ಸುಂದರಲಾಲರು ಎಣಿಸಿದ ಸತ್ತವರನ್ನೂ ನೆನೆಯಬೇಕು. ಇಬ್ಬರೂ ಜೋಳ ಬೆಳೆದದ್ದು ಒಂದೇ ಕರಿಮಣ್ಣಿನಲ್ಲಿ, ಉಪ್ಪಿಗಾಗಿ ನೋಡಿದ್ದು ಒಂದೇ ಗಡಿಯ ಕಡೆಗೆ.